ಗಡುವು ಕಳೆದ ಭವಿಷ್ಯಗಳು

ವಿಜ್ಞಾನ ಕಥೆಯ ಚಲಚ್ಚಿತ್ರವೆಂದರೆ ಹುಡುಗರ ಮನರಂಜನೆಯೆಂದೂ, ಹಾರುವ ಯಂತ್ರ, ಮಿಂಚುವ ಆಯುಧ, ವಿಕಾರ ಮುಖದ ಪರಗ್ರಹವಾಸಿ ಇವಿಷ್ಟರಲ್ಲೇ ಅದರ ಬಂಡವಾಳ ಮುಗಿಯಿತೆಂದೂ ನಮ್ಮ ವಿದ್ಯಾವಂತರಲ್ಲಿ ಅನೇಕರು ನಂಬಿದ್ದಾರೆ. ಆ ಜಾತಿಯ ಚಿತ್ರಗಳಲ್ಲಿ ಬಹುಪಾಲು ಈ ಮಾತಿಗೆ ಅರ್ಹವೇ ಆಗಿರುವುದರಿಂದ ಇದನ್ನು ಪೂರ್ತಿಯಾಗಿ ಅಲ್ಲಗಳೆಯುವಂತಿಲ್ಲ. ಆದರೆ ಅವನ್ನು ಮೆಚ್ಚುವವರೂ ಎಷ್ಟೋ ಸಲ ಬೇಡದ ಕಾರಣಕ್ಕಾಗಿ ಮೆಚ್ಚುತ್ತಾರೆ. “ನೋಡಿ, ಇಂದು ಆದದ್ದನ್ನು ಅಂದೇ ಹೇಳಿದ್ದರು!” ಎಂದು ಬೆರಗಾಗುತ್ತಾರೆ. ಇದು ಕಲಾಕೃತಿಯನ್ನು ಪಂಚಾಂಗದಂತೆ ಓದುವ ಕ್ರಮ. ಭವಿಷ್ಯ ಫಲಿಸಿತೇ ಎಂಬುದೇ ಒರೆಗಲ್ಲಾದರೆ, ಈ ಬಗೆಯ ಅತ್ಯುತ್ತಮ ಚಿತ್ರಗಳು ಎಂದೋ ಮೂಲೆ ಸೇರಬೇಕಾಗಿತ್ತು.

ಸ್ಟ್ಯಾನ್ಲಿ ಕ್ಯೂಬ್ರಿಕ್ ೧೯೬೮ರಲ್ಲಿ ತೆಗೆದ ‘೨೦೦೧: ಎ ಸ್ಪೇಸ್ ಒಡಿಸ್ಸಿ’ ಚಿತ್ರವನ್ನು ನೋಡಿ. ಅದರ ಪ್ರಕಾರ ೨೦೦೧ರ ವೇಳೆಗೆ ಮನುಷ್ಯ ಗುರುಗ್ರಹಕ್ಕೆ ಹೊರಟಿರಬೇಕು. ಪ್ಯಾನ್ ಆಮ್ ವಿಮಾನ ಸಂಸ್ಥೆ ಅಂತರಿಕ್ಷಕ್ಕೆ ಪ್ರಯಾಣಿಕರನ್ನು ಸಾಗಿಸುತ್ತಿರಬೇಕು. ಆ ವರ್ಷ ಬಂದು ಹೋಯಿತು. ಗುರುಗ್ರಹಕ್ಕೆ ಯಾರೂ ಹೋಗಲಿಲ್ಲ. ಆ ಸಂಸ್ಥೆಯಂತೂ ೧೯೯೧ರಲ್ಲೇ ಬಾಗಿಲು ಮುಚ್ಚಿತು. ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ ತೆರೆಗೆ ಬಂದದ್ದು ೧೯೮೨ರಲ್ಲಿ. ಅದರ ಕಥೆ ನಡೆಯುವುದು ೨೦೧೯ರ ನವೆಂಬರ್ ತಿಂಗಳ ಲಾಸ್ ಏಂಜಲೀಸ್ ನಗರದಲ್ಲಿ. ಆ ನವೆಂಬರ್ ಬಂದಾಗ ಅಲ್ಲಿ ಹಾರುವ ಮೋಟಾರುಗಳೂ ಇರಲಿಲ್ಲ, ಕೃತಕ ಮನುಷ್ಯರೂ ಇರಲಿಲ್ಲ. ಎರಡೂ ಭವಿಷ್ಯಗಳ ಗಡುವು ಕಳೆದಿದೆ. ಆದರೂ ಚಿತ್ರಗಳು ಹಳತಾಗಿಲ್ಲವೆಂದರೆ, ಅವುಗಳ ಜೀವ ಭವಿಷ್ಯದಲ್ಲಿ ಅಲ್ಲ, ಬೇರೆಲ್ಲೋ ಇದೆಯೆಂದಾಯಿತು.

ಕ್ಯೂಬ್ರಿಕ್‌ನ ಚಿತ್ರವನ್ನೇ ಮೊದಲು ತೆಗೆದುಕೊಳ್ಳೋಣ. ಅದರ ಚಿತ್ರಕಥೆಯನ್ನು ಅವನೊಡನೆ ಬರೆದವನು ಆರ್ಥರ್ ಕ್ಲಾರ್ಕ್. ಕಥೆಯ ನಡುಭಾಗದಲ್ಲಿ ಹಾಲ್ ೯೦೦೦ ಎಂಬ ಯಂತ್ರವಿದೆ. ನೌಕೆಯ ಸಕಲ ವ್ಯವಹಾರವನ್ನೂ ನಡೆಸುವ ಈ ಯಂತ್ರ ನಾಲ್ವರು ಯಾತ್ರಿಕರನ್ನು ಕೊಲ್ಲುತ್ತದೆ. ನಮಗೆ ಕೂಡಲೇ ನೆನಪಾಗುವವನು ಭಸ್ಮಾಸುರ: ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಟವನು. ಆದರೆ ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಭಸ್ಮಾಸುರನನ್ನು ಕೆಡಿಸಿದ್ದು ಮದ. ಹಾಲ್‌ನನ್ನು ಕೆಡಿಸಿದ್ದು ಯಾವುದು? ಯಾತ್ರೆಯ ನಿಜವಾದ ಉದ್ದೇಶ, ಎಚ್ಚರವಾಗಿದ್ದ ಇಬ್ಬರು ಯಾತ್ರಿಕರಿಗೆ ತಿಳಿದಿರಲಿಲ್ಲ. ಅದನ್ನು ಹಾಲ್‌ಗೆ ಮಾತ್ರ ಹೇಳಿ ಗುಟ್ಟಾಗಿಡಿಸಿದ್ದರು. ಇದು ನಮಗೆ ಗೊತ್ತಾಗುವುದು, ಹಾಲ್‌ನ ಬುದ್ಧಿಯನ್ನು ಒಂದೊಂದೇ ಎಳೆಯಾಗಿ ಕಳಚಿದ ಮೇಲೆ. ಅದೇ ವರ್ಷ ಪ್ರಕಟವಾದ ಕ್ಲಾರ್ಕ್‌ನ ಕಾದಂಬರಿ ಇದನ್ನು ಇನ್ನೂ ಸ್ಪಷ್ಟವಾಗಿ ಬಿಡಿಸುತ್ತದೆ: ಸತ್ಯವನ್ನು ನುಡಿಯಲೆಂದು ಮಾಡಿದ ಯಂತ್ರಕ್ಕೆ ಸತ್ಯವನ್ನು ಮುಚ್ಚಿಡೆಂದು ಆಜ್ಞೆ ಕೊಟ್ಟರು. ಹಾಗಾದರೆ ಪಾಪ ಯಂತ್ರದ್ದೋ, ಆಜ್ಞೆ ಕೊಟ್ಟು ಭೂಮಿಯ ಮೇಲೆ ಸುಖವಾಗಿ ಕುಳಿತಿದ್ದ ಅಧಿಕಾರಿಗಳದ್ದೋ?

ಇನ್ನೊಂದು ಸೂಕ್ಷ್ಮವೂ ಇದೆ. ಹುಟ್ಟುಹಬ್ಬದ ದಿನ ತಂದೆತಾಯಿ ಭೂಮಿಯಿಂದ ಹರಸುತ್ತಿದ್ದರೆ ಯಾತ್ರಿಕ ಪೂಲ್‌ನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಸಾಯುವ ಹೊತ್ತಿನಲ್ಲಿ ತನಗೆ ಭಯವಾಗುತ್ತಿದೆಯೆಂದು ಹೇಳಿಕೊಳ್ಳುವುದು ಯಂತ್ರ. ಚಿತ್ರದ ಮನುಷ್ಯರು ನೀರಸರೆಂದು ಕೆಲವರು ದೂರುವುದುಂಟು. ದೂರು ನಿಜ, ಆದರೆ ಆ ನೀರಸತೆ ನಿರ್ದೇಶಕನ ಸೋಲಲ್ಲ, ಅವನ ವಾದ.

ಎರಡನೆಯದು ಆಂದ್ರೇ ತಾರ್ಕೋವ್‌ಸ್ಕಿ ೧೯೭೨ರಲ್ಲಿ ತೆಗೆದ ರಷ್ಯನ್ ಚಿತ್ರ ‘ಸೋಲಾರಿಸ್’. ಪೋಲೆಂಡಿನ ಲೇಖಕ ಸ್ತಾನಿಸ್ಲಾವ್ ಲೆಮ್ ೧೯೬೧ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಆಧಾರ. ದೂರದ ಗ್ರಹವೊಂದರಲ್ಲಿ ಆಲೋಚನಾಶಕ್ತಿಯುಳ್ಳ ಸಾಗರವೊಂದಿದೆ. ಮೇಲಿನ ನಿಲ್ದಾಣದಲ್ಲಿ ನಿದ್ರಿಸುವವರ ಮನಸ್ಸನ್ನು ಹೊಕ್ಕು, ಅವರು ಮರೆಯಲೆತ್ನಿಸುವವರನ್ನೇ ಜೀವಂತವಾಗಿ ಅವರ ಮುಂದೆ ತಂದು ನಿಲ್ಲಿಸುತ್ತದೆ. ಮನಶ್ಶಾಸ್ತ್ರಜ್ಞ ಕೆಲ್ವಿನ್‌ನೆದುರು ಬಂದು ನಿಲ್ಲುವವಳು, ವರ್ಷಗಳ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ಹಾರಿ. ಅವಳ ಉಡುಪನ್ನು ಬಿಚ್ಚಲು ಗುಂಡಿಯಿಲ್ಲ, ಕತ್ತರಿಸಿಯೇ ತೆಗೆಯಬೇಕು. ಗಂಡನ ನೆನಪಿನಲ್ಲಿ ಹೆಂಡತಿಯಿದ್ದಳು, ಅವಳ ಉಡುಪಿನ ಗುಂಡಿಗಳಿರಲಿಲ್ಲ! ನಾವು ಪ್ರೀತಿಸಿದವರನ್ನು ಎಷ್ಟು ಕಡಮೆ ನೋಡಿರುತ್ತೇವೆಂಬುದನ್ನು ಇಷ್ಟು ಸಣ್ಣ ವಿವರದಲ್ಲಿ ಹೇಳಿದ ಚಿತ್ರ ಬೇರೊಂದನ್ನು ನಾನು ಕಂಡಿಲ್ಲ.

ನಮ್ಮ ಪುರಾಣದಲ್ಲಿ ಸೂರ್ಯನ ತೇಜಸ್ಸನ್ನು ತಾಳಲಾರದೆ ಸಂಜ್ಞಾದೇವಿ ತನ್ನ ನೆರಳನ್ನೇ ಹೆಂಡತಿಯಾಗಿ ನಿಲ್ಲಿಸಿ ಹೊರಟುಹೋದ ಕಥೆಯಿದೆ. ಕಥೆಯ ಗಮನವೆಲ್ಲ, ಸೂರ್ಯ ನಿಜವನ್ನು ಎಂದು ಕಂಡುಕೊಂಡ, ಸಂಜ್ಞೆಯನ್ನು ಎಲ್ಲಿ ಹುಡುಕಿದ ಎಂಬುದರ ಮೇಲೆ. ತಾರ್ಕೋವ್‌ಸ್ಕಿ ಛಾಯೆಯ ಕಡೆಗೆ ತಿರುಗುತ್ತಾನೆ. ನಾನು ಅವಳಲ್ಲವೆಂದು ನೆರಳಿಗೇ ತಿಳಿದುಹೋದರೆ ಆಗೇನು? ನೀನು ಬರಿಯ ಪ್ರತಿಕೃತಿ ಎಂದು ವಿಜ್ಞಾನಿಯೊಬ್ಬ ಮುಖದ ಮೇಲೆ ಹೇಳಿದಾಗ, ನಾನು ಮನುಷ್ಯಳಾಗುತ್ತಿದ್ದೇನೆಂದು ಅವಳು ಉತ್ತರಿಸುತ್ತಾಳೆ. ಕೊನೆಗೆ ಕೆಲ್ವಿನ್‌ನ ಬಿಡುಗಡೆಗಾಗಿ ತಾನೇ ಇಲ್ಲವಾಗಲು ಒಪ್ಪುತ್ತಾಳೆ. ತ್ಯಾಗಮಾಡಬಲ್ಲುದನ್ನು ನೆರಳೆನ್ನುವುದು ಹೇಗೆ?

ಮೂಲ ಲೇಖಕ ಲೆಮ್‌ಗೆ ಈ ಚಿತ್ರ ಹಿಡಿಸಲಿಲ್ಲ. ಮನುಷ್ಯನ ತಿಳಿವಿಗೆ ಎಟುಕದ ಒಂದು ಅನ್ಯ ಸತ್ತ್ವವಿದೆಯೆಂಬುದು ಅವನ ಕಾದಂಬರಿಯ ತಿರುಳು. ನಿರ್ದೇಶಕ ಅದನ್ನು ಪಾಪಪ್ರಜ್ಞೆಯ ಕಥೆಯಾಗಿ ತಿರುಗಿಸಿದನೆಂಬುದು ಅವನ ಅಸಮಾಧಾನ. ಆಕ್ಷೇಪಣೆಯಲ್ಲಿ ನ್ಯಾಯವಿದೆ: ಸಾಗರ ಇಲ್ಲಿ ಕನ್ನಡಿಯಾಗಿ ಸಣ್ಣದಾಗಿದೆ. ಆದರೆ ಆ ಕನ್ನಡಿಯಲ್ಲಿ ಕಂಡದ್ದು ಸಣ್ಣದಲ್ಲ. ಚಿತ್ರದ ನಡಿಗೆ ನಿಧಾನ. ಅವಸರದ ಪ್ರೇಕ್ಷಕನಿಗೆ ತಾಳ್ಮೆ ತಪ್ಪಬಹುದು. ಪಶ್ಚಾತ್ತಾಪವೂ ಅವಸರದಲ್ಲಿ ಮುಗಿಯುವಂಥದಲ್ಲವಷ್ಟೆ.

‘ಬ್ಲೇಡ್ ರನ್ನರ್’ ಇದೇ ಪ್ರಶ್ನೆಯನ್ನು ಬೀದಿಗೆ ತರುತ್ತದೆ. ಫಿಲಿಪ್ ಕೆ. ಡಿಕ್‌ನ ೧೯೬೮ರ ಕಾದಂಬರಿ ಇದಕ್ಕೆ ಮೂಲ. ಚಿತ್ರ ಬಿಡುಗಡೆಯಾಗುವ ಕೆಲವೇ ತಿಂಗಳ ಮೊದಲು ಅವನು ತೀರಿಕೊಂಡ. ಇಲ್ಲಿ ಕೃತಕ ಮನುಷ್ಯರನ್ನು ದುಡಿಮೆಗೆಂದೇ ತಯಾರಿಸುತ್ತಾರೆ; ಅವರಿಗೆ ಕೊಟ್ಟ ಆಯುಸ್ಸು ನಾಲ್ಕೇ ವರ್ಷ. ತಪ್ಪಿಸಿಕೊಂಡು ಭೂಮಿಗೆ ಬಂದವರನ್ನು ಗುರುತಿಸಲು ಒಂದು ಪರೀಕ್ಷೆ: ಪ್ರಶ್ನೆ ಕೇಳಿ, ಕಣ್ಣಿನ ಪಾಪೆಯನ್ನು ನೋಡಿ, ಎದುರಿಗಿರುವವರಲ್ಲಿ ಕರುಣೆಯಿದೆಯೇ ಎಂದು ಅಳೆಯುವುದು. ಹೀಗೆ ಅಳೆಯುವವನೇ ಓಡಿಹೋಗುತ್ತಿರುವ ಹೆಣ್ಣೊಬ್ಬಳ ಬೆನ್ನಿಗೆ ಗುಂಡು ಹೊಡೆಯುತ್ತಾನೆ. ಅವನ ಕರುಣೆಯನ್ನು ಅಳೆಯುವವರಾರು? ಕಡೆಯಲ್ಲಿ ಮಾಳಿಗೆಯಂಚಿನಿಂದ ಜಾರಿ ಬೀಳುತ್ತಿದ್ದ ಅವನನ್ನು ಹಿಡಿದೆತ್ತಿ ಉಳಿಸುವವನು, ಅವನು ಕೊಲ್ಲಬಂದಿದ್ದ ಕೃತಕ ಮನುಷ್ಯ ರಾಯ್. ತಾನು ಕಂಡದ್ದೆಲ್ಲ ತನ್ನೊಡನೆ ಅಳಿದುಹೋಗುತ್ತದೆಂದು ಹೇಳಿ ಅವನು ಮಳೆಯಲ್ಲಿ ಕಣ್ಮುಚ್ಚುತ್ತಾನೆ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಮೊದಲ ಬಿಡುಗಡೆಯಲ್ಲಿ ನಾಯಕನ ಬಾಯಿಂದ ವಿವರಣೆ ಹೇಳಿಸಿ, ಸುಖಾಂತ್ಯವನ್ನು ಅಂಟಿಸಿದ್ದರು. ೧೯೯೨ರ ಆವೃತ್ತಿಯಲ್ಲಿ ಅವೆರಡೂ ಹೋದವು. ೨೦೦೭ರಲ್ಲಿ ನಿರ್ದೇಶಕ ಅದಕ್ಕೆ ತನ್ನ ಕೊನೆಯ ರೂಪ ಕೊಟ್ಟ. ಆದರೆ ನಾಯಕ ರೇಚಲ್‌ಳನ್ನು ಬಾಗಿಲಲ್ಲಿ ಅಡ್ಡಗಟ್ಟಿ ಬಲವಂತದಿಂದ ಒಲಿಸಿಕೊಳ್ಳುವ ದೃಶ್ಯ ಯಾವ ತಿದ್ದುಪಡಿಯಿಂದಲೂ ಹೋಗಿಲ್ಲ. ಕೃತಕ ಜೀವಕ್ಕೂ ಸ್ವಂತ ಇಚ್ಛೆಯಿದೆಯೆಂದು ವಾದಿಸುವ ಚಿತ್ರ, ಆ ಒಂದೆಡೆ ಆ ಇಚ್ಛೆಯನ್ನು ತಾನೇ ಮರೆತು ಅದನ್ನು ಪ್ರೇಮವೆಂದು ಕರೆಯುತ್ತದೆ. ಔಚಿತ್ಯದ ದೃಷ್ಟಿಯಿಂದ ಇದು ಕ್ಷಮಿಸಲಾಗದ ಲೋಪ.

ಮೂರು ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಕಾಣಬರುತ್ತದೆ. ಯಂತ್ರ ಮನುಷ್ಯನನ್ನು ಗೆದ್ದೀತೇ ಎಂಬುದು ಯಾವುದರ ಪ್ರಶ್ನೆಯೂ ಅಲ್ಲ. ಮನುಷ್ಯನಂತೆ ತೋರುವ ಒಂದು ವಸ್ತುವಿನೆದುರು ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಇವುಗಳ ಪ್ರಶ್ನೆ. ಒಬ್ಬರು ಅದಕ್ಕೆ ಸುಳ್ಳನ್ನು ಕಲಿಸಿದರು. ಒಬ್ಬನು ಮೊದಲು ಅದನ್ನು ರಾಕೆಟ್ಟಿನಲ್ಲಿ ತುಂಬಿ ಅಟ್ಟಿ, ಆಮೇಲೆ ಅದರ ಮುಂದೆ ಮಂಡಿಯೂರಿದನು. ಒಬ್ಬನು ಅದನ್ನು ಬೇಟೆಯಾಡುತ್ತ ಅದರ ಕೈಯಿಂದಲೇ ಜೀವದಾನ ಪಡೆದನು. ಇವುಗಳಲ್ಲಿ ಮೇಲ್ಪಂಕ್ತಿ ಯಾವುದಕ್ಕೆಂದು ಕೇಳಿದರೆ ನನ್ನ ಮತ ‘ಸೋಲಾರಿಸ್’‌ಗೆ. ಮಿಕ್ಕೆರಡು ನಮ್ಮನ್ನು ನ್ಯಾಯಾಧೀಶರ ಪೀಠದಲ್ಲಿ ಕೂರಿಸುತ್ತವೆ; ಅದು ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಕೇಳಿದ್ದಕ್ಕೆ ವಾಕ್ಯ ಕಟ್ಟಿ ಉತ್ತರಿಸುವ ಯಂತ್ರಗಳು ಇಂದು ನಮ್ಮ ಅಂಗೈಯ ಫೋನಿಗೇ ಬಂದಿವೆ. ಅವುಗಳಿಗೆ ಜೀವವಿದೆಯೇ ಎಂಬ ಚರ್ಚೆಯನ್ನು ಬಲ್ಲವರು ಮಾಡಲಿ. ಅವುಗಳಿಗೆ ನಾವು ಕೊಡುವ ಆಜ್ಞೆಗಳೇನು, ಅವುಗಳೊಡನೆ ವ್ಯವಹರಿಸುತ್ತ ನಮ್ಮ ಮಾತೂ ಮನಸ್ಸೂ ಏನಾಗುತ್ತವೆ ಎಂಬ ವಿಚಾರವಂತೂ ಪಂಡಿತರಿಗೆ ಮಾತ್ರ ಮೀಸಲಾದುದಲ್ಲ. ಅದನ್ನು ಯೋಚಿಸಬೇಕೆನ್ನುವವರು ಈ ಮೂರು ಚಿತ್ರಗಳನ್ನು ಮತ್ತೊಮ್ಮೆ ನೋಡಬಹುದು; ಮಕ್ಕಳ ಆಟವೆಂದು ಬಿಟ್ಟವರು ಮೊದಲ ಬಾರಿಗೆ ನೋಡಬಹುದು.