ಶಿಗೆ ಕೇಳಿದ ಓಬಿ, ನೊರಿಕೊಗೆ ಸಿಕ್ಕ ಗಡಿಯಾರ

ಜಪಾನಿ ಚಿತ್ರನಿರ್ದೇಶಕ ಓಜು ಎಂದ ಕೂಡಲೇ ನೆಲಮಟ್ಟದ ಕ್ಯಾಮೆರಾ, ಮೌನ, ಝೆನ್ ಎಂದು ಶುರುಮಾಡುವವರೊಂದಿಗೆ ಈ ಅಂಕಣದ ತಕರಾರು ಹಳೆಯದು. 1972ರಲ್ಲಿ ವಿಮರ್ಶಕ ಪಾಲ್ ಶ್ರೇಡರ್ ಈ ನಿರ್ದೇಶಕನ ಶೈಲಿಯಲ್ಲಿ ಅಲೌಕಿಕವನ್ನು ಕಂಡ ಮೇಲಂತೂ ಆ ಪಂಥಕ್ಕೆ ಬಲ ಬಂತು. ಈ ವಾರ ಕ್ಯಾಮೆರಾದ ಎತ್ತರದ ಬಗ್ಗೆಯೇ ಬರೆಯಬೇಕೆಂದಿದ್ದೆ. ಅದನ್ನು ಬಿಟ್ಟು 1953ರ ‘ಟೋಕಿಯೊ ಸ್ಟೋರಿ’ಯ ಬಟ್ಟೆಬರೆಯ ಬಗ್ಗೆ ಬರೆಯುತ್ತೇನೆ. ಏಕೆಂದರೆ ಚಿತ್ರದ ತಿರುಳಿರುವುದು ಸಾವಿನ ಮನೆಯ ರೀತಿರಿವಾಜಿನಲ್ಲಿ.

ತಾಯಿ ತೋಮಿಗೆ ಸೀರಿಯಸ್ ಎಂದು ಹುಟ್ಟೂರು ಒನೊಮಿಚಿಯಿಂದ ತಂತಿ ಬಂದಾಗ, ಟೋಕಿಯೊದ ಹಿರಿಮಗ ಕೊಯಿಚಿ ಮತ್ತು ಮಗಳು ಶಿಗೆ ಸಾವಿನ ಮನೆಯಲ್ಲಿ ಉಡುವ ಕಪ್ಪು ಬಟ್ಟೆಯನ್ನೂ ಒಯ್ಯುವುದೆಂದು ಮಾತಾಡಿಕೊಳ್ಳುತ್ತಾರೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಅದನ್ನು ತಂದಿಲ್ಲ. ತರಬೇಕಿತ್ತು ಎನ್ನುವ ಶಿಗೆ, ಅವಳಿಗೂ ತಂಗಿ ಕ್ಯೋಕೊಗೂ ಎಲ್ಲಿಂದಾದರೂ ಎರವಲು ತರಲು ಹೇಳುತ್ತಾಳೆ. ಅಂತ್ಯಕ್ರಿಯೆ ಮುಗಿದು ಊಟಕ್ಕೆ ಕೂತಲ್ಲೇ ಅಮ್ಮನ ಬೇಸಿಗೆಯ ಓಬಿ (ಕಿಮೊನೊ ಮೇಲಿನ ಸೊಂಟಪಟ್ಟಿ), ಒಂದು ಕಿಮೊನೊ ತನಗೆ ಬೇಕೆನ್ನುತ್ತಾಳೆ. ಸತ್ತವರ ವಸ್ತುಗಳನ್ನು ನೆನಪಿಗೆಂದು ಹಂಚಿಕೊಳ್ಳುವುದು ಜಪಾನಿನ ಪದ್ಧತಿಯೇ. ಆದರೆ ಸಾಮಾನ್ಯವಾಗಿ ಅದಕ್ಕೆ 49ನೇ ದಿನದ ಬೌದ್ಧ ವಿಧಿ ಮುಗಿಯಬೇಕು. ಶಿಗೆ ಅವಸರಪಟ್ಟಳು ಎಂದು ಇಲ್ಲಿಗೇ ತೀರ್ಪು ಕೊಡುವವರು ಮುಂದೆ ಬರುವ ಇನ್ನೊಂದು ದೃಶ್ಯವನ್ನು ಗಮನಿಸಬೇಕು. ತೋಮಿಯ ಗಡಿಯಾರವನ್ನು ನೊರಿಕೊಗೆ ಕೊಡುವ ತಂದೆ ಶುಕಿಚಿಯೂ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ವ್ಯತ್ಯಾಸ ದಿನಗಳ ಎಣಿಕೆಯಲ್ಲಿಲ್ಲ. ಒಬ್ಬಳು ಕೇಳಿ ಪಡೆದಳು, ಇನ್ನೊಬ್ಬಳಿಗೆ ಹಿಂಜರಿದರೂ ಬಂತು. ಜೊತೆಗೆ ಶುಕಿಚಿ ಮರುಮದುವೆಯಾಗು ಎಂದೂ ಹೇಳುತ್ತಾನೆ. ಸದಸ್ಯರ ಮದುವೆಯ ಮೇಲೆ ಮನೆತನದ ಯಜಮಾನನಿಗಿದ್ದ ಅಧಿಕಾರವನ್ನು ತೆಗೆದ ಹೊಸ ನಾಗರಿಕ ಸಂಹಿತೆ ಜಪಾನಿನಲ್ಲಿ ಜಾರಿಗೆ ಬಂದದ್ದು 1948ರಲ್ಲಿ. ಕಾನೂನು ಅದಾಗಲೇ ಬಿಟ್ಟುಕೊಟ್ಟ ಸೊಸೆಯನ್ನು ಮಾವ ಮನಸ್ಸಿನಿಂದಲೂ ಬಿಟ್ಟುಕೊಡುತ್ತಿದ್ದಾನೆ.

ಹಾಗಾದರೆ ಶಿಗೆ ಕೆಟ್ಟವಳೇ? ಕ್ಯೋಕೊ ಹಾಗೆಂದೇ ಸಿಟ್ಟಾಗುತ್ತಾಳೆ. ಮಕ್ಕಳು ದೊಡ್ಡವರಾದಂತೆ ಅವರದೇ ಬದುಕು ಮುಖ್ಯವಾಗುತ್ತದೆ, ತಾನೂ ಹಾಗಾಗಬಹುದು ಎಂದು ಅವಳನ್ನು ಸಮಾಧಾನಪಡಿಸುವವಳು ನೊರಿಕೊ. ಕಪ್ಪು ಬಟ್ಟೆ ನೆನಪಿಟ್ಟು ತಂದ ಶಿಗೆಯಿಂದಲೇ ಆ ಮನೆಯ ಕ್ರಿಯೆಗಳು ಸಾಂಗವಾಗಿ ನಡೆದವು ಎಂಬುದನ್ನೂ ಮರೆಯಬಾರದು. ಇಂಥ ವಿವರ ತಿಳಿಯದೆಯೂ ಚಿತ್ರ ಕಣ್ಣು ತೇವ ಮಾಡುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಾಗೆ ನೋಡಿದವರಿಗೆ ಒಳ್ಳೆಯ ಸೊಸೆ, ಕೆಟ್ಟ ಮಕ್ಕಳು ಎಂಬ ನೀತಿಕಥೆಯಷ್ಟೇ ಸಿಗುತ್ತದೆ. ಓಜು ಮಾಡಿದ್ದು ಅದಕ್ಕಿಂತ ದೊಡ್ಡ ಚಿತ್ರ. ಮುಂದಿನ ಸಲ ನೋಡುವಾಗ ಕ್ಯಾಮೆರಾ ಎಲ್ಲಿದೆ ಎಂದು ಹುಡುಕಬೇಡಿ. ಯಾರು ಏನು ಕೇಳಿದರು, ಯಾರಿಗೆ ಏನು ಸಿಕ್ಕಿತು ಎಂದು ನೋಡಿ.