ಕಾಲೂ ಕಾಣಬೇಕು, ಮೈಯೂ ಕಾಣಬೇಕು

ಟ್ಯಾಪ್ ನೃತ್ಯದ ಸಿನಿಮಾ ನೋಡಲು ಕೂತಾಗ ನಾನು ಮೊದಲು ಗಮನಿಸುವುದು ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದನ್ನು. ಶೂಗಳ ಮುಂತುದಿಗೂ ಹಿಮ್ಮಡಿಗೂ ಲೋಹದ ಬಿಲ್ಲೆ ಹೊಡೆಸಿಕೊಂಡು ನೆಲವನ್ನೇ ವಾದ್ಯ ಮಾಡಿಕೊಳ್ಳುವ ಕಲೆ ಇದು. ಬರೀ ಪಾದ ತೋರಿಸಿದರೆ ಕುಣಿಯುವವನು ಕಾಣೆಯಾಗುತ್ತಾನೆ, ಬರೀ ಮುಖ ತೋರಿಸಿದರೆ ಕುಣಿತವೇ ಕಾಣೆಯಾಗುತ್ತದೆ. 1930ರ ದಶಕದಲ್ಲಿ ಆರ್‌ಕೆಓ ಸ್ಟುಡಿಯೋದ ಚಿತ್ರಗಳಿಗೆ ಫ್ರೆಡ್ ಅಸ್ಟೇರ್ ಕೊಟ್ಟ ದೊಡ್ಡ ಕೊಡುಗೆ ಈ ವಿಷಯದಲ್ಲಿ ಹಿಡಿದ ಪಟ್ಟು: ತಲೆಯಿಂದ ಪಾದದವರೆಗೆ ಇಡೀ ಮೈ ಚೌಕಟ್ಟಿನೊಳಗಿರಬೇಕು, ಕತ್ತರಿ ಆದಷ್ಟು ಕಡಿಮೆ ಆಡಬೇಕು.

‘ಟಾಪ್ ಹ್ಯಾಟ್’ (1935) ಚಿತ್ರದ ಕಥೆ ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿಯುವ ಗೊಂದಲದ ಮೇಲೆ ನಿಂತಿದೆ, ಅಷ್ಟೇ. ಅದರ ಮರುವರ್ಷ ಬಂದ ‘ಸ್ವಿಂಗ್ ಟೈಮ್’ ಅಸ್ಟೇರ್–ಜಿಂಜರ್ ರೋಜರ್ಸ್ ಜೋಡಿಯ ಅತ್ಯುತ್ತಮ ಚಿತ್ರ. ಅಗಲುವ ಹೊತ್ತಿನ ಕೊನೆಯ ನೃತ್ಯದಲ್ಲಿ ಇಬ್ಬರೂ ಮಾತಿಲ್ಲದೆ ಇಡೀ ಕಥೆಯನ್ನು ಕಾಲಲ್ಲೇ ಹೇಳಿಬಿಡುತ್ತಾರೆ. ಆದರೆ ಅದೇ ಚಿತ್ರದಲ್ಲಿ ಕರಿಯ ನರ್ತಕ ಬಿಲ್ ‘ಬೋಜ್ಯಾಂಗಲ್ಸ್’ ರಾಬಿನ್ಸನ್‌ಗೆ ಗೌರವ ಸಲ್ಲಿಸಲೆಂದು ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುತ್ತಾನೆ. ಹೆಜ್ಜೆಗಳು ಎಷ್ಟೇ ಸೊಗಸಾಗಿರಲಿ, ಆ ಬಣ್ಣವನ್ನು ನಾನು ಒಪ್ಪಲಾರೆ. ಅದಕ್ಕೂ ಒಂದು ವರ್ಷ ಮೊದಲು, ‘ದಿ ಲಿಟಲ್ ಕರ್ನಲ್’ ಚಿತ್ರದಲ್ಲಿ ಸ್ವತಃ ರಾಬಿನ್ಸನ್‌ಗೆ ಸಿಕ್ಕಿದ್ದು ಮನೆಯ ಆಳಿನ ಪಾತ್ರ.

ಟ್ಯಾಪ್ ರೂಪುಗೊಂಡದ್ದೇ ಆಫ್ರಿಕಾದಿಂದ ಗುಲಾಮರಾಗಿ ಬಂದವರ ತಾಳವೂ ಐರಿಶ್ ವಲಸಿಗರ ಜಿಗ್ ಕುಣಿತವೂ ಅಮೆರಿಕದಲ್ಲಿ ಬೆರೆತು. ಆದರೂ ಹಾಲಿವುಡ್‌ನಲ್ಲಿ ಕರಿಯ ಕಲಾವಿದರ ನೃತ್ಯಗಳು ಸಾಮಾನ್ಯವಾಗಿ ಕಥೆಗೆ ಅಂಟಿಕೊಳ್ಳದಂತೆಯೇ ಇರುತ್ತಿದ್ದವು. ದಕ್ಷಿಣದ ರಾಜ್ಯಗಳ ಚಿತ್ರಮಂದಿರಗಳಿಗೆ ಕಳಿಸುವಾಗ ಅಷ್ಟು ಭಾಗವನ್ನು ಕತ್ತರಿಸಿ ತೆಗೆದರೂ ಕಥೆಗೆ ಏನೂ ಆಗುತ್ತಿರಲಿಲ್ಲ.

ಹಾಗಾಗಿ 1943ರ ‘ಸ್ಟಾರ್ಮಿ ವೆದರ್’ ನನಗೆ ಮುಖ್ಯ. ಫಾಕ್ಸ್ ಸ್ಟುಡಿಯೋದ ಈ ಚಿತ್ರದ ತಾರಾಗಣವೆಲ್ಲ ಕರಿಯರದು. ಅರವತ್ತು ದಾಟಿದ ರಾಬಿನ್ಸನ್‌ಗೂ ಇಪ್ಪತ್ತೈದರ ಆಸುಪಾಸಿನ ಲೀನಾ ಹಾರ್ನ್‌ಗೂ ಕಟ್ಟಿದ ಪ್ರೇಮಕಥೆ ನಂಬಿಸುವುದಿಲ್ಲ. ಆದರೆ ಕೊನೆಗೆ ಕ್ಯಾಬ್ ಕ್ಯಾಲೊವೇ ಹಾಡುತ್ತಿದ್ದಂತೆ ನಿಕೋಲಸ್ ಸಹೋದರರಾದ ಫಯಾರ್ಡ್ ಮತ್ತು ಹೆರಾಲ್ಡ್ ಬರುತ್ತಾರೆ. ಬಾಲಂಗೋಚಿಯಂಥ ಕೋಟು ತೊಟ್ಟು, ವಾದ್ಯಗಾರರ ನಡುವೆ ಪೀಠದಿಂದ ಪೀಠಕ್ಕೆ ಹಾರಿ, ಪಿಯಾನೋ ಏರಿ ಇಳಿದು, ಎತ್ತರದ ಬಿಳಿ ಮೆಟ್ಟಿಲುಗಳ ತುದಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಒಬ್ಬ ಇನ್ನೊಬ್ಬನ ತಲೆಯ ಮೇಲಿಂದ ಹಾರಿ, ಕೆಳಗಿನ ಮೆಟ್ಟಿಲ ಮೇಲೆ ಎರಡೂ ಕಾಲು ಪೂರ್ತಿ ಚಾಚಿ ಬೀಳುತ್ತಾನೆ. ಮೇಲಿದ್ದವನು ಈಗ ಅವನನ್ನು ದಾಟಿ ಇನ್ನೊಂದು ಮೆಟ್ಟಿಲು ಕೆಳಗೆ. ಹೀಗೇ ನೆಲದವರೆಗೆ.

ಇದನ್ನು ಸರ್ಕಸ್ ಎಂದು ತಳ್ಳಿಹಾಕುವವರಿದ್ದಾರೆ. ಅವರ ಮಾತು ಸರಿಯಲ್ಲ. ಸರ್ಕಸ್‌ನಲ್ಲಿ ಸಾಹಸ ಮುಗಿದ ಮೇಲೆ ಚಪ್ಪಾಳೆಗೆ ಬಿಡುವಿರುತ್ತದೆ. ಇಲ್ಲಿ ಬೀಳುವುದೂ ತಾಳಕ್ಕೆ, ಏಳುವುದೂ ತಾಳಕ್ಕೆ. ಕೈ ನೆಲಕ್ಕೂರದೆ, ಚಾಚಿದ ಕಾಲುಗಳನ್ನೇ ಒಳಕ್ಕೆಳೆದು ಎದ್ದು ನಿಲ್ಲುವಾಗ ಅವರ ಮೊದಲ ಹೆಜ್ಜೆ ಸರಿಯಾಗಿ ಎತ್ತುಗಡೆಗೇ ಬಂದು ಕೂರುತ್ತದೆ. ಕ್ಯಾಮೆರಾ ದೂರದಲ್ಲೇ ಇದ್ದು ಇಬ್ಬರನ್ನೂ ಪೂರ್ತಿ ತೋರಿಸುವುದರಿಂದ ಮೋಸಕ್ಕೆ ಜಾಗವೇ ಇಲ್ಲ. ನಾನು ಕಂಡ ಟ್ಯಾಪ್ ದೃಶ್ಯಗಳಲ್ಲಿ ಇದಕ್ಕೆ ಸರಿಸಾಟಿಯಾದದ್ದು ಇನ್ನೊಂದಿಲ್ಲ. ‘ಸಿಂಗಿಂಗ್ ಇನ್ ದಿ ರೇನ್’ (1952) ಇಡಿಯಾಗಿ ಇದಕ್ಕಿಂತ ಉತ್ತಮ ಸಿನಿಮಾ ಎಂಬುದನ್ನು ಒಪ್ಪುತ್ತೇನೆ, ಆದರೆ ಕುಣಿತದ ಮಾತಿನಲ್ಲಿ ಜೀನ್ ಕೆಲಿಯ ಮಳೆಯ ಹಾಡೂ ಈ ಮೆಟ್ಟಿಲುಗಳಿಗಿಂತ ಕೆಳಗೇ.

‘ಸ್ಟಾರ್ಮಿ ವೆದರ್’ ಬಂದಾಗ ಫಯಾರ್ಡ್ ಇನ್ನೂ ಮೂವತ್ತು ಮುಟ್ಟಿರಲಿಲ್ಲ, ಹೆರಾಲ್ಡ್ ಇಪ್ಪತ್ತೆರಡರವನು. ಆ ಕಾಲದ ಯಾವ ದೊಡ್ಡ ಸ್ಟುಡಿಯೋ ಕೂಡ ಈ ಅಣ್ಣತಮ್ಮಂದಿರನ್ನು ನಾಯಕರನ್ನಾಗಿಸಿ ಒಂದು ಚಿತ್ರವನ್ನೂ ಮಾಡಲಿಲ್ಲ.