ಊಟ ಆಯ್ತಾ ಅಂತ ಕೇಳೋರು ಯಾರು?

ಫೇಸ್‌ಬುಕ್ಕಿನಲ್ಲಿ ಬರೀ ಹರಟೆ, ವಾಟ್ಸ್ಯಾಪಿನಲ್ಲಿ ಬರೀ ಕಸ ಅಂತ ಬೈಯೋದು ಈಗ ಬಹಳ ಸುಲಭ. ಹಾಗೆ ಬೈಯುವವರೂ ಅದನ್ನು ಅಲ್ಲೇ ಬರೆದು, ಎಷ್ಟು ಲೈಕು ಬಂತು ಅಂತ ಅರ್ಧ ಗಂಟೆಗೊಮ್ಮೆ ಇಣುಕಿ ನೋಡ್ತಾರೆ ಅನ್ನೋದು ಬೇರೆ ಮಾತು. ನನಗೂ ಅಲ್ಲಿನ ಮಾತು ಸಾಕಾಗಿದೆ. ಆದರೆ ಅದಕ್ಕೆ ಎಲ್ಲರೂ ಕೊಡುವ ಕಾರಣವನ್ನು ನಾನು ಒಪ್ಪೋದಿಲ್ಲ. ಅಲ್ಲಿ ನಡೆಯೋದೆಲ್ಲ ಕ್ಷುಲ್ಲಕ ಮಾತು, ಅದಕ್ಕೇ ಬೇಸರ ಅಂತಾರೆ. ಕ್ಷುಲ್ಲಕ ಮಾತಿನಿಂದ ಮನುಷ್ಯನಿಗೆ ಬೇಸರ ಆಗೋ ಹಾಗಿದ್ದರೆ ನಮ್ಮ ಊರುಗಳ ಅರಳಿಕಟ್ಟೆಗಳೆಲ್ಲ ಎಂದೋ ಖಾಲಿಯಾಗಬೇಕಿತ್ತು.

ನಾವು ಕನ್ನಡದವರು ಹರಟೆಯನ್ನು ಸಾಹಿತ್ಯದ ಪಂಕ್ತಿಯಲ್ಲೇ ಮಣೆ ಹಾಕಿ ಕೂರಿಸಿದವರು. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಎ.ಎನ್. ಮೂರ್ತಿರಾಯರು ಮುಂತಾದವರ ಲಲಿತ ಪ್ರಬಂಧಗಳಲ್ಲಿ ಮಹಾ ಮಹಾ ವಿಷಯಗಳೇನೂ ಬೇಕಾಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಸಂಗತಿಗಳೇ ಅವರ ಬಂಡವಾಳ. ಡಾಕ್ಟರ್ ಶಿವರಾಂ ಅವರು, ಅಂದ್ರೆ ನಮ್ಮ ರಾಶಿಯವರು, 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ನಗುವನ್ನೇ ನಂಬಿ 25 ವರ್ಷ ನಡೆಯಿತು. ಹಾಗಾಗಿ ಮಾತು ಸಣ್ಣದು ಅನ್ನೋದು ದೂರಲ್ಲ. ಸಣ್ಣ ಮಾತಿಗೂ ಒಂದು ಕೆಲಸ ಇತ್ತು. ಆ ಕೆಲಸ ಏನಾಯ್ತು ಅನ್ನೋದು ನನ್ನ ಪ್ರಶ್ನೆ.

ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಮ್ಯಾಲಿನೋವ್‌ಸ್ಕಿ 1923ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಈ ಬಗೆಯ ಮಾತಿಗೆ ‘ಫ್ಯಾಟಿಕ್ ಕಮ್ಯೂನಿಯನ್’ ಅಂತ ಹೆಸರಿಟ್ಟ. ಇಂಥ ಮಾತಿನಲ್ಲಿ ಸುದ್ದಿ ತಿಳಿಸೋ ಉದ್ದೇಶವೇ ಇರೋದಿಲ್ಲ. ಇಬ್ಬರ ನಡುವೆ ಒಂದು ನಂಟು ಹೆಣೆಯೋದಷ್ಟೇ ಅದರ ಕೆಲಸ ಅನ್ನೋದು ಅವನ ಮಾತಿನ ಸಾರ. ನಮಗೆ ಇದು ಅರ್ಥವಾಗೋಕೆ ದ್ವೀಪಕ್ಕೆ ಹೋಗಬೇಕಿಲ್ಲ. ದಾರಿಯಲ್ಲಿ ಸಿಕ್ಕವರು ‘ಊಟ ಆಯ್ತಾ?’ ಅಂತ ಕೇಳ್ತಾರಲ್ಲ, ಅದೇ. ಹಾಗೆ ಕೇಳಿದವರಿಗೆ ನಾವು ತಿಂದಿದ್ದು ಮುದ್ದೆಯೋ ಚಿತ್ರಾನ್ನವೋ ಅನ್ನೋ ವಿವರ ಬೇಕಾಗಿರೋದಿಲ್ಲ. ‘ಆಯ್ತು, ನಿಮ್ದು?’ ಅಂದರೆ ಮುಗೀತು. ಆದರೆ ಮುಖ ಬಾಡಿದ್ದರೆ, ದನಿ ಸಣ್ಣಗಾಗಿದ್ದರೆ, ಅದು ಅಲ್ಲಿಗೇ ಮುಗಿಯೋದಿಲ್ಲ. ‘ಯಾಕೆ, ಏನಾಯ್ತು?’ ಅಂತ ಮುಂದಿನ ಪ್ರಶ್ನೆ ಬರುತ್ತೆ. ಆ ಮುಂದಿನ ಪ್ರಶ್ನೆಗೆ ಬಾಗಿಲು ತೆರೆದಿಡೋದಕ್ಕೇ ಊಟದ ಮಾತು ಇರೋದು.

ಇನ್ನೊಂದು ವಿಷಯ ಗಮನಿಸಿ. ಕನ್ನಡದಲ್ಲಿ ಪ್ರಶ್ನೆ ಮಾಡೋದೂ ‘ಕೇಳೋದು’, ಕಿವಿ ಕೊಡೋದೂ ‘ಕೇಳೋದು’. ಒಂದೇ ಕ್ರಿಯಾಪದ, ಎರಡು ಕೆಲಸ. ಪ್ರಶ್ನೆ ಕೇಳಿದವನಿಗೆ ಉತ್ತರ ಕೇಳಿಸಿಕೊಳ್ಳುವ ಜವಾಬ್ದಾರಿಯೂ ಇದೆ ಅಂತ ಭಾಷೆಯೇ ತೀರ್ಮಾನ ಮಾಡಿಬಿಟ್ಟ ಹಾಗಿದೆ.

ಈಗ ಜಾಲತಾಣಕ್ಕೆ ಬನ್ನಿ. ಅಲ್ಲಿ ಕೇಳೋರು ಯಾರು? 2006ರಲ್ಲಿ ಟ್ವಿಟ್ಟರ್ ಶುರುವಾದಾಗ ಅದರ ಖಾಲಿ ಡಬ್ಬಿ ‘ಏನು ಮಾಡ್ತಾ ಇದ್ದೀಯಾ?’ ಅಂತ ಕೇಳುತ್ತಿತ್ತು. 2009ರ ನವೆಂಬರಿನಲ್ಲಿ ಆ ಪ್ರಶ್ನೆ ‘ಏನು ನಡೀತಾ ಇದೆ?’ ಅಂತ ಬದಲಾಯಿತು. ಫೇಸ್‌ಬುಕ್ಕಿನದು ಇನ್ನೂ ಆಪ್ತ ಧಾಟಿ, ‘ನಿನ್ನ ಮನಸ್ಸಿನಲ್ಲೇನಿದೆ?’ ಅನ್ನುತ್ತೆ. ಹೆಂಡತಿಯೂ ಇಷ್ಟು ಮೃದುವಾಗಿ ಕೇಳೋದಿಲ್ಲ ಬಿಡಿ. ಪ್ರಶ್ನೆ ಕೇಳೋ ಕೆಲಸವನ್ನು ಡಬ್ಬಿಯೇ ವಹಿಸಿಕೊಂಡ ಮೇಲೆ ಮನುಷ್ಯರು ಅದನ್ನು ಬಿಟ್ಟುಬಿಟ್ಟರು. ನಮ್ಮೆಲ್ಲರ ಪಾಲಿಗೆ ಉಳಿದದ್ದು ಉತ್ತರ ಹೇಳೋದು ಮಾತ್ರ. ‘ನಿಮ್ಮ ಊಟ ಆಯ್ತಾ?’ ಅನ್ನೋದು ಹೋಗಿ ‘ನನ್ನ ಊಟ ಹೀಗಿತ್ತು’ ಅನ್ನೋ ಫೋಟೋ ಬಂತು. ಐನೂರು ಜನ ಒಟ್ಟಿಗೆ ಉತ್ತರ ಹೇಳ್ತಾ ಇರೋ ಜಾಗದಲ್ಲಿ ಅರ್ಧ ಗಂಟೆ ನಿಂತರೆ ಯಾರಿಗಾದ್ರೂ ತಲೆ ಚಿಟ್ಟು ಹಿಡಿಯುತ್ತೆ. ನನ್ನ ದಣಿವು ಆ ಬಗೆಯದು.

ಇದು ಮೊದಲಿನಿಂದಲೂ ಹೀಗಿರಲಿಲ್ಲ. 2004ರಲ್ಲಿ ಹುಟ್ಟಿ 2014ರಲ್ಲಿ ಮುಚ್ಚಿಹೋದ ಆರ್ಕುಟ್ ನೆನಪಿದೆಯಾ? ಅಲ್ಲಿ ಗೆಳೆಯನಿಗೆ ಏನಾದರೂ ಹೇಳಬೇಕಿದ್ದರೆ ಅವನ ಸ್ಕ್ರ್ಯಾಪ್‌ಬುಕ್ಕಿಗೆ ಹೋಗಿ ಬರೀಬೇಕಿತ್ತು. ಬರೆಯುತ್ತಿದ್ದುದು ‘ಹಾಯ್, ಹೇಗಿದ್ದೀಯಾ, ಎಲ್ಲಿದ್ದೀಯಾ’ ಅನ್ನೋ ಪೊಳ್ಳು ಮಾತೇ ಇರಬಹುದು. ಆದರೂ ಅದು ಒಬ್ಬರ ಮನೆಯ ಬಾಗಿಲು ತಟ್ಟಿದ ಹಾಗಿತ್ತು. ಫೇಸ್‌ಬುಕ್ಕಿನಲ್ಲಿ 2006ರಲ್ಲಿ ನ್ಯೂಸ್ ಫೀಡ್ ಬಂದ ಮೇಲೆ ಯಾರ ಬಾಗಿಲಿಗೂ ಹೋಗಬೇಕಾದ ಅಗತ್ಯ ಉಳಿಯಲಿಲ್ಲ, ಎಲ್ಲರ ಮಾತೂ ನಮ್ಮ ಅಂಗಳಕ್ಕೇ ಬಂದು ಬೀಳತೊಡಗಿತು. 2009ರಲ್ಲಿ ಲೈಕ್ ಬಟನ್ ಬಂತು, ‘ಆಯ್ತು, ನಿಮ್ದು?’ ಅನ್ನೋ ಎರಡು ಪದದ ಶ್ರಮವೂ ತಪ್ಪಿತು. ಜೊತೆಗೆ ಒಂದು ಲೆಕ್ಕವೂ ಶುರುವಾಯಿತು. ಕಟ್ಟೆಯ ಮೇಲೆ ಕೂತು ಹರಟುವಾಗ ಯಾರ ಮಾತಿಗೆ ಎಷ್ಟು ಜನ ತಲೆಯಾಡಿಸಿದರು ಅಂತ ಯಾರೂ ಎಣಿಸಿ ಗೋಡೆಗೆ ಬರೆಯುತ್ತಿರಲಿಲ್ಲ. ಎಣಿಸೋಕೆ ಶುರು ಮಾಡಿದರೆ ಹರಟೆ ಹರಟೆಯಾಗಿ ಉಳಿಯೋದಿಲ್ಲ, ನಾಟಕವಾಗುತ್ತೆ.

ಕಟ್ಟೆಯ ಹರಟೆಗೆ ಕೊನೆಯೂ ಇತ್ತು. ಕತ್ತಲಾದರೆ ಎದ್ದು ಪಂಚೆ ಕೊಡವಿಕೊಂಡು ಮನೆಗೆ ಹೋಗಲೇಬೇಕು. ಇಲ್ಲಿ ಪುಟಕ್ಕೆ ಕೊನೆಯೇ ಇಲ್ಲ. ಕೊನೆಯಿಲ್ಲದೆ ಉರುಳುವ ಆ ಪುಟದ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಮುಂದೆ ತಾವೇ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ವಿಷಾದವೇನೋ ಆಯ್ತು, ಪುಟ ಮಾತ್ರ ಉರುಳ್ತಾನೇ ಇದೆ.

ಇದರಿಂದ ಯಾರಿಗೇನು ನಷ್ಟ, ಬೇಡದವರು ನೋಡಬೇಡಿ ಅಂತೀರಾ? ನಷ್ಟ ಏನು ಅಂತ ಹೇಳ್ತೀನಿ. ನಮ್ಮ ಹೈಸ್ಕೂಲು ಗೆಳೆಯರದ್ದೊಂದು ವಾಟ್ಸ್ಯಾಪ್ ಗ್ರೂಪ್ ಇದೆ, ಎಂಬತ್ತಕ್ಕೂ ಹೆಚ್ಚು ಜನ. ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಶುಭೋದಯದಿಂದ ಶುರು. ಒಂದು ರಾತ್ರಿ ಹತ್ತು ಗಂಟೆಗೆ ಒಬ್ಬ ಬರೆದ, ‘ಅಪ್ಪನ್ನ ಮಂಗಳೂರಿಗೆ ಕರ್ಕೊಂಡು ಬಂದಿದೀನಿ, ಐಸಿಯುನಲ್ಲಿದ್ದಾರೆ. ಹತ್ರ ಯಾರಾದ್ರೂ ಇದ್ದೀರಾ?’ ಅದು ಪ್ರಶ್ನೆ. ಕೊನೆಯಲ್ಲಿ ಪ್ರಶ್ನೆ ಚಿಹ್ನೆಯೂ ಇತ್ತು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ‘ಗೆಟ್ ವೆಲ್ ಸೂನ್’ ಬಂತು. ಹತ್ತೇ ನಿಮಿಷದಲ್ಲಿ ಒಂದು ಕ್ರಿಕೆಟ್ ಜೋಕು, ಆಮೇಲೆ ಚಂದ್ರ, ನಕ್ಷತ್ರ, ಶುಭರಾತ್ರಿ. ಕೈಮುಗಿದವರೆಲ್ಲ ಒಳ್ಳೆಯವರೇ, ಕೆಟ್ಟ ಮನಸ್ಸು ಯಾರದ್ದೂ ಅಲ್ಲ. ಬಂದಿದ್ದಕ್ಕೆಲ್ಲ ಒಂದು ಚಿತ್ರ ಒತ್ತಿ ಮುಂದೆ ಹೋಗೋದು ಬೆರಳಿಗೆ ಅಭ್ಯಾಸವಾಗಿತ್ತು, ಅಷ್ಟೇ.

ಆ ಗ್ರೂಪಿನಲ್ಲೇ ಇಲ್ಲದ ಇನ್ನೊಬ್ಬ ಗೆಳೆಯ ಸುರತ್ಕಲ್‌ನಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವನು ಕೇಳಿದ ಮೊದಲ ಮಾತು, ‘ಅವ್ನದ್ದು ಊಟ ಆಯ್ತಂತಾ?’ ಹನ್ನೊಂದೂವರೆಗೆ ಬೈಕಿನಲ್ಲಿ ಚಪಾತಿ ಕಟ್ಟಿಕೊಂಡು ಹೋಗಿ ಬೆಳಗಿನ ತನಕ ಅವನ ಜೊತೆ ಕೂತಿದ್ದ.

ಹಾಗಂತ ಈ ತಾಣಗಳಲ್ಲಿ ನಂಟು ಸಾಧ್ಯವೇ ಇಲ್ಲ ಅನ್ನೋದು ನನ್ನ ವಾದ ಅಲ್ಲ. ನನಗೆ ಗೊತ್ತಿರೋ ಒಬ್ಬಾಕೆ ಮಸ್ಕತ್‌ನಲ್ಲಿದ್ದಾಳೆ. ಸಾಗರದಲ್ಲಿರೋ ತಾಯಿಗೆ ದಿನವೂ ತಾನು ಮಾಡಿದ ದೋಸೆಯ ಫೋಟೋ ಕಳಿಸ್ತಾಳೆ. ‘ಹಿಟ್ಟು ಹುಳಿ ಬಂದಿತ್ತಾ?’ ಅಂತ ತಾಯಿ ಕೇಳ್ತಾರೆ. ಇವಳು ಅಲ್ಲಿನ ಸೆಕೆಯ ಮಾತಾಡ್ತಾಳೆ, ಅವರು ಇಲ್ಲಿನ ಮಳೆಯ ಮಾತು. ಇದಕ್ಕಿಂತ ಕ್ಷುಲ್ಲಕ ಮಾತು ಇನ್ನೇನಿದೆ? ಆದರೆ ಒಂದು ದಿನ ದೋಸೆ ಬರದಿದ್ದರೆ ಸಂಜೆಯೊಳಗೆ ಸಾಗರದಿಂದ ಫೋನ್ ಹೋಗುತ್ತೆ. ಆ ದೋಸೆಗೆ ಲೈಕು ಒತ್ತೋರು ಯಾರೂ ಇಲ್ಲ.

ಅಕೌಂಟು ಮುಚ್ಚಿ, ಮೊಬೈಲು ಬಿಸಾಡಿ ಅಂತ ಉಪದೇಶ ಮಾಡೋ ಉದ್ದೇಶ ನನಗಿಲ್ಲ. ಅಂಥ ಘೋಷಣೆ ಮಾಡಿ ಹೋದವರು ಹದಿನೈದು ದಿನದಲ್ಲಿ ವಾಪಸ್ ಬಂದಿದ್ದನ್ನು ಎಲ್ಲರೂ ನೋಡಿದ್ದೀವಿ. ಬೇಕಿದ್ದರೆ ಒಂದು ಲೆಕ್ಕ ಹಾಕಿ ನೋಡಿ. ಕಳೆದ ಒಂದು ವಾರದಲ್ಲಿ ಅಲ್ಲಿ ನಾವು ಹೇಳಿದ್ದೆಷ್ಟು, ಒಬ್ಬರನ್ನು ಹೆಸರು ಹಿಡಿದು ಕೇಳಿದ್ದೆಷ್ಟು, ಕೇಳಿದ ಮೇಲೆ ಉತ್ತರಕ್ಕೆ ಕಾದಿದ್ದೆಷ್ಟು. ಈ ಲೆಕ್ಕವನ್ನು ಮಾತ್ರ ಯಾವ ಕಂಪನಿಯೂ ನಮಗೆ ತೋರಿಸೋದಿಲ್ಲ.